ಅಲುಗದ ಹಾಸಿಗೆ

ನನ್ನ ಅಣ್ಣ ಆರ್ವಿಲ್ ಯಾವತ್ತೂ ಬೇಡ ಎಂದು ಬಾಯಿಬಿಟ್ಟು ಹೇಳುವವನಲ್ಲ. ಷರತ್ತು ಹಾಕುತ್ತಾನೆ. ಆ ವರ್ಷ ಏಪ್ರಿಲ್ ತಿಂಗಳ ಒಂದು ಬುಧವಾರ ಅವನು ತನ್ನ ಹೆಂಡತಿಗೆ ಹಾಕಿದ ಷರತ್ತಿಗೆ ನಾನೇ ಸಾಕ್ಷಿ. ಬುಧವಾರ ಸಂಜೆಯ ಊಟ ನನಗೆ ಅವರ ಮನೆಯಲ್ಲೇ. ಮದುವೆಯಾಗದ ಮೈದುನ ಹಸಿದಿರುತ್ತಾನೆಂದು ಅತ್ತಿಗೆ ಟ್ವೈಲಾ ಮೂವತ್ತು ವರ್ಷದಿಂದ ನನ್ನ ತಟ್ಟೆಯನ್ನೂ ಇಡುತ್ತಾ ಬಂದಿದ್ದಳು.

"ಶನಿವಾರ ಬಂತು ಅಂದ್ರೆ ಪಿಕಪ್ಪಿನ ಸೀಟಲ್ಲಿ ಮುದುಡ್ಕೊಂಡು ಮಲಗ್ತೀಯ. ಸೋಮವಾರ ಸೊಂಟ ಹಿಡ್ಕೊಂಡು ನರಳ್ತೀಯ," ಎಂದ ಆರ್ವಿಲ್, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ. "ಮನುಷ್ಯರ ಥರ ಮಲಗೋದಕ್ಕೆ ಏನಾದ್ರೂ ಏರ್ಪಾಡು ಮಾಡ್ಕೊ, ಹೋಗ್ತಾ ಇರು. ಆಗಲ್ಲ ಅಂದ್ರೆ ಈ ಬೇಸಿಗೆಗೆ ಬಿಸ್ಕೆಟ್‌ನ ಮಾರಿಬಿಡೋಣ. ಐವತ್ತೊಂಬತ್ತಾಯ್ತು ನಿಂಗೆ."

"ನಂಗೆಷ್ಟಾಯ್ತು ಅಂತ ನಂಗೆ ಗೊತ್ತಿದೆ," ಎಂದಳು ಟ್ವೈಲಾ.

ಬಿಸ್ಕೆಟ್ ಅವಳ ಕುದುರೆ. ಕಂದು ಬಣ್ಣದ್ದು, ಹಿಂಗಾಲೊಂದು ಬಿಳಿ. ಅದರ ತಾಯಿ ಹೆತ್ತ ಮೂರನೇ ದಿನಕ್ಕೆ ಸತ್ತುಹೋದಾಗ ಟ್ವೈಲಾ ಕೊಟ್ಟಿಗೆಯಲ್ಲೇ ಕಂಬಳಿ ಹಾಸಿಕೊಂಡು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದಳು. ಈಗ ಅದಕ್ಕೆ ಹದಿನೇಳು. ಮೇ ತಿಂಗಳಿಂದ ಸೆಪ್ಟೆಂಬರ್ ವರೆಗೆ ಪ್ರತಿ ಶನಿವಾರ, ಭಾನುವಾರ ಅವಳು ಅದನ್ನು ಟ್ರೇಲರಿಗೆ ಹತ್ತಿಸಿಕೊಂಡು ಪಶ್ಚಿಮ ನೆಬ್ರಾಸ್ಕದ ಯಾವುದಾದರೊಂದು ಜಿಲ್ಲೆಯ ಮೈದಾನಕ್ಕೆ ಹೋಗುತ್ತಿದ್ದಳು. ಕುದುರೆಯ ಮೇಲೆ ಕೂತು ಮೂರು ಪೀಪಾಯಿಗಳನ್ನು ಸುತ್ತಿಕೊಂಡು ವಾಪಸ್ ಓಡಿಬರುವ ಆಟ. ಹದಿನೇಳು, ಹದಿನೆಂಟು ಸೆಕೆಂಡು, ಅಷ್ಟೇ. ಉಳಿದ ಐದು ದಿನ ಅವಳು ಶಾಲೆಯ ಬಸ್ಸು ಓಡಿಸುವವಳು. ಇಪ್ಪತ್ತೆರಡು ವರ್ಷ ಒಂದೇ ದಾರಿ. ಆ ದಾರಿಯ ಮಕ್ಕಳ ಮುಖಗಳನ್ನು ಕನ್ನಡಿಯಲ್ಲಿ ನೋಡುತ್ತಾ ಕೂದಲು ನರೆಸಿಕೊಂಡವಳು. ಮೈದಾನದಲ್ಲಿ ಮಾತ್ರ ಧ್ವನಿವರ್ಧಕ ಅವಳ ಪೂರ್ತಿ ಹೆಸರು ಹಿಡಿದು ಕೂಗುತ್ತಿತ್ತು, ಜನ ತಿರುಗಿ ನೋಡುತ್ತಿದ್ದರು. ಇದನ್ನು ಅಣ್ಣನಿಗೆ ಯಾರು ಬಿಡಿಸಿ ಹೇಳಬೇಕು? ನಾನು ಹೇಳಲಿಲ್ಲ.

"ವೆಂಡೆಲ್," ಎಂದು ನನ್ನ ಕಡೆ ತಿರುಗಿದಳು. "ಟ್ರೇಲರ್ ಮುಂದಿನ ಬಟ್ಟೆ ಬದಲಾಯ್ಸೋ ಗೂಡಿದೆಯಲ್ಲ, ಅದರಲ್ಲಿ ಒಂದು ಹಾಸಿಗೆ ಹಿಡಿಯುತ್ತಾ?"

"ಹಿಡಿಸಿದ್ರೆ ಹಿಡಿಯುತ್ತೆ," ಎಂದೆ. ವೆಲ್ಡಿಂಗ್ ಶೆಡ್ಡು ಇಟ್ಟುಕೊಂಡವನು ಹಿಡಿಯುವುದಿಲ್ಲ ಎಂದು ಹೇಳಿದರೆ ಮರ್ಯಾದೆ ಏನು ಉಳಿಯಿತು?

ಎರಡು ಕುದುರೆ ನಿಲ್ಲುವ ಚಿಕ್ಕ ಟ್ರೇಲರ್ ಅದು. ಕುದುರೆಗಳ ಜಾಗದ ಮುಂದೆ, ಮೂತಿ ಚೂಪಾಗುವ ಕಡೆ, ಒಂದು ತಡಿಕೆ ಗೋಡೆ. ಅದರಾಚೆ ಒಬ್ಬರು ನಿಂತು ಬೂಟು ಹಾಕಿಕೊಳ್ಳುವಷ್ಟು ಜಾಗ. ಅಲ್ಲಿ ಎರಡು ಜೀನು, ಲಗಾಮುಗಳು, ಬಾಚಣಿಗೆಗಳು, ನೊಣದ ಔಷಧಿ, ಹತ್ತು ವರ್ಷದ ಧೂಳು. ಬಾಗಿಲು ತೆರೆದರೆ ಬೆವರು ಮತ್ತು ಚರ್ಮದ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಅಡ್ಡಲಾಗಿ ಆರಡಿ ಇತ್ತು. ಟ್ವೈಲಾ ಐದಡಿ ನಾಲ್ಕಂಗುಲ. ಉದ್ದಕ್ಕೆ ತೊಂದರೆಯಿರಲಿಲ್ಲ, ಅಗಲಕ್ಕೇ ಕಷ್ಟ.

ಜೀನು ಹೇರುವ ಕಬ್ಬಿಣದ ಗೂಟಗಳನ್ನು ಕೊಯ್ದು ತೆಗೆದು ಹಿಂದಿನ ಬಾಗಿಲ ಪಕ್ಕಕ್ಕೆ ಬೆಸೆದೆ. ಮೂತಿಯ ಕಡೆ ಹಲಗೆ ಕೂರಿಸಿ, ಅದಕ್ಕೊಂದು ಮಡಚುವ ಹಲಗೆ ತಿರುಗಣಿಯಲ್ಲಿ ಜೋಡಿಸಿದೆ. ಹಗಲು ಮೇಲಕ್ಕೆತ್ತಿ ಕೊಕ್ಕೆ ಹಾಕಿದರೆ ನಿಲ್ಲಲು ಜಾಗ, ರಾತ್ರಿ ಇಳಿಸಿದರೆ ಮಂಚ. ಕೆಳಗೆ ಎರಡು ಪೆಟ್ಟಿಗೆ, ಬ್ಯಾಟರಿ ದೀಪ, ಟೋಪಿಗೊಂದು ಗೂಟ, ಬಕೆಟ್ ಇಡಲು ಪರದೆ ಹಾಕಿದ ಮೂಲೆ. ಹಾಸಿಗೆಯ ಫೋಮನ್ನು ಟ್ರೇಲರಿನ ಮೂತಿಯ ಆಕಾರಕ್ಕೆ ಕೊಯ್ಯಬೇಕಿತ್ತು. ಟ್ವೈಲಾ ನವೆಂಬರ್ ಹಬ್ಬಕ್ಕೆ ಟರ್ಕಿ ಕೋಳಿ ಕೊಯ್ಯುವ ಕರೆಂಟ್ ಚಾಕು ತಂದುಕೊಟ್ಟಳು. ಫೋಮು ಕೊಯ್ಯಲು ಅದರಷ್ಟು ಚೆನ್ನಾದ್ದು ಇನ್ನೊಂದಿಲ್ಲ.

"ಆರ್ವಿಲ್‌ಗೆ ಹೇಳ್ಬೇಡ," ಎಂದಳು. "ನವೆಂಬರ್‌ನಲ್ಲಿ ಕೋಳಿ ತಿನ್ನುವಾಗ ಸ್ಪಂಜಿನ ವಾಸನೆ ಅಂತಾನೆ."

ನಾವಿಬ್ಬರೂ ನಕ್ಕೆವು. ಆ ಮೂರು ವಾರ ನನಗೆ ಬಹಳ ಇಷ್ಟವಾಗಿತ್ತು, ಸುಳ್ಳು ಹೇಳುವುದಿಲ್ಲ. ಬಸ್ಸು ಬಿಟ್ಟು ನೇರ ಶೆಡ್ಡಿಗೆ ಬರುತ್ತಿದ್ದಳು, ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದಳು, ನಾನು ಹೇಳಿದ್ದನ್ನು ನಂಬುತ್ತಿದ್ದಳು. ನನ್ನ ಮಾತನ್ನು ಹಾಗೆ ನಂಬುವವರು ನನಗೆ ಬೇರೆ ಯಾರೂ ಇರಲಿಲ್ಲ.

ಗೋಡೆಗೆಲ್ಲ ಎರಡಂಗುಲ ದಪ್ಪದ ಫೋಮಿನ ಹಲಗೆ ಬಡಿದು ಮೇಲೆ ತೆಳು ಪ್ಲೈವುಡ್ ಹೊದಿಸಿದೆ. ನಮ್ಮ ಕಡೆ ಮೇ ತಿಂಗಳಲ್ಲೂ ಬೆಳಗಿನ ಜಾವಕ್ಕೆ ಹಿಮ ಕೂರುತ್ತದೆ. ಅದಕ್ಕೆ ಅವಳ ತಕರಾರಿರಲಿಲ್ಲ. ಆದರೆ ಮುರಿದ ಟ್ರೇಲರೊಂದರಿಂದ ಬಿಚ್ಚಿದ್ದ ನಾಲ್ಕು ಜಾಕುಗಳನ್ನು ನಾಲ್ಕು ಮೂಲೆಗೆ ಬೆಸೆಯಲು ಹೊರಟಾಗ ತಡೆದಳು.

"ಅದ್ಯಾಕೆ?"

"ತಿರುಗಿಸಿ ನೆಲಕ್ಕೆ ಊರಿದ್ರೆ ಟ್ರೇಲರ್ ಒಂಚೂರೂ ಅಲುಗಲ್ಲ. ಮನೇಲಿ ಮಲಗಿದ ಹಾಗೆ."

"ಅಲುಗಬೇಕು ವೆಂಡೆಲ್. ಬಿಸ್ಕೆಟ್‌ನ ಟ್ರೇಲರ್ ಪಕ್ಕಕ್ಕೇ ಕಟ್ಟಿರ್ತೀನಲ್ಲ. ಟ್ರೇಲರ್ ತಗುಲಿಸಿದ ಪಿಕಪ್ಪಿನಲ್ಲಿ ಮಲಗಿದ್ರೂ ಅವನು ತಲೆ ಎಳೆದ್ರೆ, ಮೈ ತಿಕ್ಕಿದ್ರೆ ನಂಗೆ ಗೊತ್ತಾಗುತ್ತೆ. ನಿದ್ದೇಲೇ ಗೊತ್ತಾಗುತ್ತೆ."

"ಅದಕ್ಕೇ ನಿಂಗೆ ನಿದ್ದೆ ಇಲ್ಲ. ಆರ್ವಿಲ್ ಹೇಳಿದ್ದು ಮನುಷ್ಯರ ಥರ ಮಲಗಬೇಕು ಅಂತ. ಕಾವಲು ಕಾಯಬೇಕು ಅಂತಲ್ಲ."

"ಜಾಕು ಬೇಡ," ಎಂದಳು, ಅಷ್ಟೇ. ಬಸ್ಸಿನಲ್ಲಿ ಮಕ್ಕಳಿಗೆ ಕೂತ್ಕೊಳ್ಳಿ ಎನ್ನುವ ಧ್ವನಿ ಅದು.

ನನಗೆ ಸಿಟ್ಟು ಬಂತು. ನಾನು ಮಾಡಿದ ವಸ್ತು ಗಡಗಡ ಅಲ್ಲಾಡುವುದು ನನ್ನಿಂದ ನೋಡಲಾಗುವುದಿಲ್ಲ. ಅದು ನನ್ನ ರೋಗ. ಅವಳು ಸೊಂಟ ಹಿಡಿದುಕೊಂಡು ಬಂದರೆ ಆರ್ವಿಲ್ ಕುದುರೆ ಮಾರಿಸುತ್ತಾನೆ, ಆಗ ನನ್ನ ಹಾಸಿಗೆಯೂ ದಂಡ ಎನ್ನುವ ಲೆಕ್ಕವೂ ತಲೆಯಲ್ಲಿತ್ತು. ಮಾರನೇ ದಿನ ಅವಳು ಬರುವ ಮೊದಲೇ ನಾಲ್ಕೂ ಜಾಕು ಬೆಸೆದುಬಿಟ್ಟೆ. ಬಂದು ಹುಬ್ಬು ಗಂಟಿಕ್ಕಿದಳು.

"ಬೇರೆ ದಾರಿ ಇರಲಿಲ್ಲ," ಎಂದೆ. "ಹಲಗೆ, ಫೋಮು ಎಲ್ಲ ಸೇರಿ ಮುಂದೆ ಭಾರ ಆಗಿದೆ. ಜಾಕು ಊರದಿದ್ರೆ ಚೌಕಟ್ಟು ಜಗ್ಗಿ ಬಾಗಿಲು ಸಿಕ್ಕೊಳ್ಳುತ್ತೆ. ಒಳಗಿಂದ ತೆಗೆಯೋಕಾಗಲ್ಲ."

ಅದು ಶುದ್ಧ ಸುಳ್ಳು. ಆ ಬಾಗಿಲು ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಆಡುತ್ತಿತ್ತು. ಟ್ವೈಲಾ ಒಂದು ಕ್ಷಣ ಬಾಗಿಲನ್ನು ನೋಡಿದಳು, ನನ್ನನ್ನು ನೋಡಿದಳು. ಒಳಗೆ ಸಿಕ್ಕಿಹಾಕಿಕೊಂಡು ಹೊರಗೆ ಕುದುರೆಗೆ ಏನಾದರೂ ಆದರೆ ಎನ್ನುವ ಯೋಚನೆ ಬಂದಿರಬೇಕು.

"ಹಾಗಾದ್ರೆ ಊರಲೇಬೇಕು," ಎಂದಳು.

ಮೊದಲ ಎರಡು ವಾರ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ನಡೆಯಿತು. ಅವಳು ಭಾನುವಾರ ಸಂಜೆ ನೆಟ್ಟಗೆ ನಡೆದುಕೊಂಡು ಮನೆಗೆ ಬಂದಳು. ಎರಡನೇ ವಾರ ತನ್ನ ಅರ್ಧ ವಯಸ್ಸಿನ ಹುಡುಗಿಯರ ನಡುವೆ ಮೂರನೆಯವಳಾಗಿ ಬಂದಳು. ಬುಧವಾರದ ಊಟಕ್ಕೆ ಹೋದರೆ ನನ್ನ ತಟ್ಟೆಗೆ ಎರಡು ತುಂಡು ಹೆಚ್ಚು ಮಾಂಸ.

"ಹುಟ್ಟಿದಾಗಿಂದ ಹೀಗೆ ಮಲಗಿಲ್ಲ ನಾನು," ಎಂದಳು. "ದಿಂಬಿಗೆ ತಲೆ ಕೊಟ್ಟಿದ್ದೊಂದು ಗೊತ್ತು."

ಆರ್ವಿಲ್ ಕೂಡ ಟ್ರೇಲರಿನೊಳಗೆ ಹೋಗಿ ಹಾಸಿಗೆ ಒತ್ತಿ ನೋಡಿದ. "ನಮ್ಮ ತಮ್ಮನ ಕೈಲಿ ಕೆಲಸ ಇದೆ ಕಣೇ," ಎಂದ. ನಾನು ಹಿಗ್ಗಿದೆ. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ಮೂರನೇ ವಾರ, ಜೂನ್ ಮೊದಲ ಭಾನುವಾರ, ಬೆಳಗ್ಗೆ ಆರೂವರೆಗೆ ನನ್ನ ಫೋನು ಬಡಿದುಕೊಂಡಿತು. ಟ್ವೈಲಾ ಗಂಡನಿಗೆ ಮಾಡದೆ ನನಗೆ ಮಾಡಿದ್ದಳು.

"ಬಿಸ್ಕೆಟ್ ಬಿದ್ಬಿಟ್ಟಿದಾನೆ," ಎಂದಳು. "ಹೊಟ್ಟೆಶೂಲೆ. ದನದ ಡಾಕ್ಟ್ರು ಬರ್ತಿದಾರೆ. ನೀನೂ ಬಾ."

ಎರಡು ಗಂಟೆಯ ದಾರಿಯನ್ನು ಒಂದೂವರೆಯಲ್ಲಿ ಓಡಿಸಿದೆ. ನಾನು ತಲುಪುವ ಹೊತ್ತಿಗೆ ಡಾಕ್ಟರು ಕೈಗವಸು ಬಿಚ್ಚುತ್ತಿದ್ದರು. ಬಿಸ್ಕೆಟ್ ಟ್ರೇಲರಿನ ಪಕ್ಕ ಅಡ್ಡ ಬಿದ್ದಿತ್ತು. ಮೈಯೆಲ್ಲ ಬೆವರು ಒಣಗಿ ಉಪ್ಪಾಗಿತ್ತು, ಅದರ ಮೇಲೆ ಮಣ್ಣು ಮೆತ್ತಿತ್ತು. ಟ್ವೈಲಾ ಅದರ ಕತ್ತನ್ನು ತೊಡೆಯ ಮೇಲಿಟ್ಟುಕೊಂಡು ನೆಲದಲ್ಲಿ ಕೂತಿದ್ದಳು. ರಾತ್ರಿಯುಡುಪಿನ ಮೇಲೆ ಜಾಕೆಟ್ ಹಾಕಿಕೊಂಡಿದ್ದಳು, ಕಾಲಲ್ಲಿ ಬೂಟು ಇರಲಿಲ್ಲ.

"ಕರುಳು ತಿರುಚಿಕೊಂಡಿದೆ," ಎಂದರು ಡಾಕ್ಟರು. "ಈಗ ಆಸ್ಪತ್ರೆಗೆ ಒಯ್ಯುವ ಸ್ಥಿತೀಲಿ ಇಲ್ಲ."

"ಎಷ್ಟು ಹೊತ್ತಿನಿಂದ?" ಎಂದಳು ಟ್ವೈಲಾ.

ಡಾಕ್ಟರು ನೆಲ ನೋಡಿದರು. ನಾವೂ ನೋಡಿದೆವು. ಹಗ್ಗ ನಿಲುಕುವಷ್ಟು ದೂರದಲ್ಲಿ ಕುದುರೆ ಮುಂಗಾಲಿನಿಂದ ಕೆರೆದು ಕೆರೆದು ಒಂದು ಗುಂಡಿ ತೋಡಿತ್ತು. ಮೊಳಕೈ ಇಳಿಯುವಷ್ಟು ಆಳ. ಹೊಟ್ಟೆನೋವು ಬಂದ ಕುದುರೆ ಹಾಗೆ ಕೆರೆಯುತ್ತದೆ, ಮಲಗುತ್ತದೆ, ಹಗ್ಗ ಜಗ್ಗಿ ಮತ್ತೆ ಏಳುತ್ತದೆ.

"ಆರು ಗಂಟೆ. ಏಳು ಇರಬಹುದು," ಎಂದರು.

"ಮೊದ್ಲೇ ನೋಡಿದ್ರೆ?"

"ಗ್ಯಾರಂಟಿ ಕೊಡೋಕಾಗಲ್ಲಮ್ಮ. ಆದ್ರೆ ಮೊದಲ ಒಂದೆರಡು ಗಂಟೇಲಿ ಸಿಕ್ಕಿದ್ರೆ ಎಷ್ಟೋ ಕುದುರೆ ಬದುಕಿವೆ."

ಆಮೇಲೆ ಅವಳೇ ತಲೆಯಾಡಿಸಿದಳು. ಡಾಕ್ಟರು ನೋವು ಮುಗಿಸುವ ಸೂಜಿ ಹಾಕಿದರು. ಬಿಸ್ಕೆಟ್ ಒಂದು ಸಲ ದೀರ್ಘವಾಗಿ ಉಸಿರು ಬಿಟ್ಟಿತು, ಮತ್ತೆ ಎಳೆದುಕೊಳ್ಳಲಿಲ್ಲ.

ಪಕ್ಕದ ಟ್ರೇಲರಿನ ಲವೋನ್ ಎನ್ನುವ ಹೆಂಗಸು ಕಾಫಿ ಲೋಟ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಹದಿನೈದು ವರ್ಷದಿಂದ ಟ್ವೈಲಾ ಜೊತೆ ಕುದುರೆ ಓಡಿಸುತ್ತಿದ್ದವಳು.

"ನಂಗೆ ಕೇಳಿಸ್ತು ವೆಂಡೆಲ್," ಎಂದಳು ಸಣ್ಣ ದನಿಯಲ್ಲಿ. "ಒಂದು ಗಂಟೆ ಹೊತ್ತಿಗೆ. ನೆಲ ಕೆರೆಯೋದು, ಹಗ್ಗ ಜಗ್ಗೋದು. ಟ್ವೈಲಾ ಒಳಗೇ ಇದಾಳಲ್ಲ, ಅವಳಿಗೆ ಗೊತ್ತಾಗದೆ ಇರುತ್ತಾ ಅಂದ್ಕೊಂಡೆ. ಮತ್ತೆ ಮಲಗ್ಬಿಟ್ಟೆ."

ನಾನು ಅವಳನ್ನು ಬೈಯುವ ಹಾಗಿರಲಿಲ್ಲ. ನಮ್ಮಲ್ಲಿ ರೂಢಿಯೇ ಅದು. ಒಡೆಯ ಎಲ್ಲೋ ಹೋಟೆಲಿನಲ್ಲಿದ್ದು ಕುದುರೆಯೊಂದೇ ಇದ್ದರೆ ಅಕ್ಕಪಕ್ಕದವರೆಲ್ಲ ಅದರ ಮೇಲೆ ಒಂದು ಕಣ್ಣಿಡುತ್ತಾರೆ. ಒಡೆಯ ಟ್ರೇಲರಿನೊಳಗೇ ಮಲಗಿದ್ದರೆ ಯಾರೂ ತಲೆ ಹಾಕುವುದಿಲ್ಲ. ಕುದುರೆ ಒಂದು ಸಲ ಹಗ್ಗ ಎಳೆದರೂ ಮಲಗಿದವರ ಬೆನ್ನಿಗೆ ತಿಳಿಯುತ್ತದೆ. ಅಂಥಾದ್ದರಲ್ಲಿ ಹೋಗಿ ಬಾಗಿಲು ಬಡಿದರೆ, ನಿನಗೆ ಕುದುರೆ ಸಾಕಲು ಬರುವುದಿಲ್ಲ ಎಂದು ಮುಖಕ್ಕೇ ಹೇಳಿದ ಹಾಗೆ. ಆ ಮೈದಾನದಲ್ಲಿ ಅಲುಗದೆ, ಫೋಮಿನ ಗೋಡೆಯಿಂದ ಹೊರಗಿನ ಸದ್ದನ್ನೂ ಒಳಗೆ ಬಿಡದೆ ನಿಂತಿದ್ದ ಟ್ರೇಲರು ಅವತ್ತು ಅದೊಂದೇ ಇರಬೇಕು. ಅದು ಲವೋನ್‌ಗೆ ಹೇಗೆ ಗೊತ್ತಾಗಬೇಕು?

ಹೊರಡುವ ಹೊತ್ತಿಗೆ ಟ್ವೈಲಾ ಮುಖ ತೊಳೆಯಲು ಹೋಗಿದ್ದಳು. ನಾನು ಕೂತು ಒಂದೊಂದೇ ಜಾಕು ತಿರುಗಿಸಿ ಮೇಲಕ್ಕೆತ್ತಿದೆ. ನಾಲ್ಕನೆಯದನ್ನು ಎತ್ತುತ್ತಿದ್ದಾಗ ಅವಳು ಹಿಂದೆ ಬಂದು ನಿಂತಳು. ಆಗ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಹಂದಿ ಥರ ಮಲಗಿದ್ದೆ," ಎಂದಳು. "ಅವನು ಇಲ್ಲೇ, ಗೋಡೆ ಪಕ್ಕದಲ್ಲೇ ನನ್ನ ಕರೀತಾ ಇದ್ದ. ನಾನು ಹಂದಿ ಥರ ಮಲಗಿದ್ದೆ."

"ನಿನ್ನ ತಪ್ಪಲ್ಲ," ಎಂದೆ. ಅಷ್ಟೇ ಹೇಳಿದೆ. ಎಲ್ಲರೂ ಹೇಳುವ ಆ ಮಾತನ್ನೇ ಹೇಳಿ ಸುಮ್ಮನಾದೆ.

ಇವತ್ತು ಬೇಡ, ಅಳುತ್ತಿದ್ದಾಳೆ, ನಾಳೆ ಹೇಳೋಣ ಎಂದುಕೊಂಡೆ. ಮಾರನೇ ದಿನ ಆರ್ವಿಲ್ ಎದುರಿಗಿದ್ದ. ಆಮೇಲೆ ವಾರ ಕಳೆಯಿತು, ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುತ್ತಾಳೆ ಎಂದುಕೊಂಡೆ. ಹೇಡಿತನಕ್ಕೆ ನೆಪ ಹುಡುಕುವ ಕಷ್ಟ ಎಲ್ಲಿದೆ? ಬುಧವಾರ ಬುಧವಾರ ಹೋಗಿ ಅವಳ ಕೈಯಡುಗೆ ಉಂಡು ಬರುತ್ತಿದ್ದೆ.

ಸುದ್ದಿ ಬೇಗ ಹರಡಿತು. ಯಾರೂ ಕೆಟ್ಟ ಮನಸ್ಸಿನಿಂದ ಆಡಲಿಲ್ಲ, ಅದೇ ಹೆಚ್ಚು ಉರಿ. ಹರಾಜುಕಟ್ಟೆಯ ಕಾಫಿ ಅಂಗಡಿಯಲ್ಲಿ ಟೋಪಿ ಹಾಕಿಕೊಂಡ ಮುದುಕರು "ಪಾಪ" ಎಂದೇ ಶುರುಮಾಡುತ್ತಿದ್ದರು.

"ಪಾಪ, ವಯಸ್ಸಾಯ್ತಲ್ಲ, ಎಚ್ಚರ ಆಗಿಲ್ಲ."

"ಮಾತ್ರೆ ಗೀತ್ರೆ ತಗೋತಾಳಾ?"

"ಪಕ್ಕದಲ್ಲೇ ಅಂತೆ ಕಣಯ್ಯಾ. ಒಂದಡಿ ಇಲ್ವಂತೆ."

ನಾನು ಅದೇ ಮೇಜಿನಲ್ಲಿ ಕೂತು ಕಾಫಿ ಕಲಕುತ್ತಿದ್ದೆ.

ಆರ್ವಿಲ್ ಜೋರಾಗಿ ಏನೂ ಅನ್ನಲಿಲ್ಲ. ಒಂದೇ ಒಂದು ಸಲ, ಅವಳು ಪಾತ್ರೆ ತೊಳೆಯುತ್ತಿದ್ದಾಗ, "ನಿದ್ದೆ ಮಾಡು ಅಂದಿದ್ದೆ, ಇಷ್ಟೊಂದು ಮಾಡು ಅಂದಿರಲಿಲ್ಲ," ಎಂದ. ತಮಾಷೆಗೇ ಅಂದದ್ದು. ಟ್ವೈಲಾ ತಿರುಗಲಿಲ್ಲ, ತೊಳೆದ ತಟ್ಟೆಯನ್ನೇ ಮತ್ತೊಮ್ಮೆ ತೊಳೆದಳು.

ಜುಲೈಯಲ್ಲಿ ಜೀನುಗಳನ್ನು ಮಾರಿದಳು. ಆಗಸ್ಟಿನಲ್ಲಿ ಶಾಲೆ ಶುರುವಾಗುವ ವಾರ ಬಸ್ಸಿನ ಬೀಗದಕೈ ವಾಪಸ್ ಕೊಟ್ಟುಬಂದಳು. ಅದನ್ನು ಕೇಳಿ ಅವತ್ತು ಬುಧವಾರವಲ್ಲದಿದ್ದರೂ ಹೋದೆ.

"ಯಾಕೆ ಟ್ವೈಲಾ? ಇಪ್ಪತ್ತೆರಡು ವರ್ಷ ಒಂದು ಗೀರು ಬೀಳಿಸಿಲ್ಲ ನೀನು."

"ಮೂವತ್ತೊಂದು ಮಕ್ಕಳು ವೆಂಡೆಲ್," ಎಂದಳು. "ಕಿವಿ ಪಕ್ಕದಲ್ಲಿ ಕುದುರೆ ಸಾಯ್ತಾ ಇದ್ರೂ ಏಳದವಳನ್ನ ನಂಬಿ ಅವರಮ್ಮಂದಿರು ಹೇಗೆ ಕಳಿಸ್ತಾರೆ? ಹಗಲು ಹೊತ್ತೂ ಕಣ್ಣು ಎಳೆಯುತ್ತೆ ಈಚೆಗೆ."

ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಕೋಣೆ ಬಿಟ್ಟು ಹೊರಗಿನ ಸೋಫಾದ ಮೇಲೆ ಮಲಗಲು ಶುರುಮಾಡಿದ್ದಳು. ಆರ್ವಿಲ್‌ನ ಗೊರಕೆಗೆ ಇರಬೇಕು ಎಂದುಕೊಂಡೆ. ಆ ದಿನವೂ ಹೇಳದೆ ಎದ್ದುಬಂದೆ.

ಅಕ್ಟೋಬರಿನಲ್ಲಿ ಆರ್ವಿಲ್ ತನ್ನ ಗೆಳೆಯ ಡ್ವೇನ್ ಜೊತೆ ವ್ಯೋಮಿಂಗ್ ಬೆಟ್ಟಕ್ಕೆ ಬೇಟೆಗೆ ಹೊರಟ. ಖಾಲಿ ಬಿದ್ದಿದ್ದ ಟ್ರೇಲರ್ ತಗೊಂಡು ಹೋದ. ಬೇಟೆಯ ಮಾಂಸ ಹೊರಲು ಡ್ವೇನನ ಹೇಸರಗತ್ತೆ ಹಿಂದೆ, ಮಲಗಲು ನನ್ನ ಹಾಸಿಗೆ ಮುಂದೆ. ಟ್ವೈಲಾಳನ್ನು ಕೇಳಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಒಂಬತ್ತು ದಿನ ಇದ್ದು ವಾಪಸ್ ಬಂದ. ಬಂದ ಬುಧವಾರ ಅವನು ಹೊಡೆದು ತಂದ ಎಲ್ಕ್ ಎನ್ನುವ ದೊಡ್ಡ ಜಿಂಕೆಯ ಮಾಂಸದ ಸಾರು, ಹಿಸುಕಿದ ಆಲೂಗಡ್ಡೆ. ಆರ್ವಿಲ್ ಬಹಳ ಉಮೇದಿನಲ್ಲಿದ್ದ.

"ಹಾಸಿಗೆ ಪರವಾಗಿಲ್ಲ ಕಣೋ," ಎಂದ ನನಗೆ. "ಆದ್ರೆ ತೊಟ್ಟಿಲಲ್ಲಿ ಮಲಗಿದ ಹಾಗೆ. ಡ್ವೇನನ ಆ ದರಿದ್ರ ಹೇಸರಗತ್ತೆ ಪಕ್ಕದಲ್ಲಿ ಕಟ್ಟಿದ್ವಿ. ಅದು ಬಾಲ ಬೀಸಿದ್ರೂ ನಂಗೆ ಎಚ್ಚರ ಆಗೋದು. ಒಂಬತ್ತು ರಾತ್ರೀಲಿ ಒಂದು ರಾತ್ರಿ ಸರಿಯಾಗಿ ನಿದ್ದೆ ಇಲ್ಲ."

ನನ್ನ ಕೈಯ ಚಮಚ ನಿಂತಿತು. ಟ್ವೈಲಾ ಸಾರಿನ ಪಾತ್ರೆ ತರುತ್ತಿದ್ದವಳು ಒಲೆಯ ಹತ್ತಿರವೇ ನಿಂತಳು.

"ಜಾಕು ಊರಿರಲಿಲ್ವಾ?" ಎಂದಳು.

"ಯಾರು ಆ ಚಳೀಲಿ ಬಗ್ಗಿ ತಿರುಗಿಸ್ತಾ ಕೂರೋರು?"

"ಮತ್ತೆ ಬಾಗಿಲು?"

"ಬಾಗಿಲಿಗೇನಾಗಿದೆ?" ಎಂದ ಆರ್ವಿಲ್. "ಒಂದು ಬೆರಳಲ್ಲಿ ತೆರೆಯುತ್ತೆ."

ಟ್ವೈಲಾ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. ಚೆಲ್ಲಲಿಲ್ಲ, ಬಡಿಯಲಿಲ್ಲ. ನನ್ನನ್ನು ನೋಡಿದಳು. ಅವತ್ತು ಶೆಡ್ಡಿನಲ್ಲಿ ಬಾಗಿಲನ್ನೂ ನನ್ನನ್ನೂ ನೋಡಿ ನಂಬಿದ್ದಳಲ್ಲ, ಅದೇ ಕಣ್ಣು.

"ಸಿಕ್ಕೊಳ್ಳಲ್ವಾ ವೆಂಡೆಲ್?"

"ಇಲ್ಲ," ಎಂದೆ.

"ಯಾವತ್ತೂ?"

"ಯಾವತ್ತೂ ಇಲ್ಲ. ನೀನು ಚೆನ್ನಾಗಿ ಮಲಗಲಿ ಅಂತ ಹೇಳಿದೆ."

"ಏನ್ರೋ ಅದು ನಿಮ್ಮಿಬ್ಬರದು?" ಎಂದ ಆರ್ವಿಲ್.

ಅವಳು ಸೋಫಾದ ಕಡೆ ಹೋದಳು. ದಿಂಬಿನ ಕೆಳಗೆ ಕೈ ಹಾಕಿ ಏನನ್ನೋ ತೆಗೆದು ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು. ಕೇಕು ಬೇಯಿಸುವಾಗ ಹೊತ್ತು ನೋಡಲು ಇಡುತ್ತಾರಲ್ಲ, ತಿರುಗಿಸಿದರೆ ಟಿಕ್ ಟಿಕ್ ಎಂದು ಹೊತ್ತಾದಾಗ ಗಂಟೆ ಬಾರಿಸುವ ಅಡುಗೆಮನೆಯ ಗಡಿಯಾರ, ಅದು.

"ಗಂಟೆಗೊಂದ್ಸಲ ಏಳ್ತೀನಿ," ಎಂದಳು. ದನಿ ಏರಿಸಲಿಲ್ಲ. "ಜೂನಿಂದ. ಒಂದು ರಾತ್ರಿ ಬಿಟ್ಟಿಲ್ಲ. ನಂದು ಹಂದಿ ನಿದ್ದೆ, ಅದನ್ನ ಬಿಡಿಸ್ಬೇಕು ಅಂತ. ಬಿಟ್ಟೋದ್ರೆ ಬಸ್ಸು ಮತ್ತೆ ಕೇಳೋಣ ಅಂತ. ನೀನು ಬುಧವಾರ ಬುಧವಾರ ಬಂದು ಇಲ್ಲೇ ಕೂತಿದ್ದೆ."

ಕ್ಷಮಿಸು ಎಂದೆ. ಎದ್ದು ನಿಲ್ಲಲು ಕುರ್ಚಿ ಹಿಂದಕ್ಕೆ ತಳ್ಳಿದೆ.

"ಕೂತ್ಕೊ," ಎಂದಳು. "ನನ್ನ ಮೇಜಿಂದ ಯಾರೂ ಅರ್ಧ ಊಟಕ್ಕೆ ಎದ್ದು ಹೋಗಿಲ್ಲ. ಪೂರ್ತಿ ಉಣ್ಣು. ಉಂಡಾದ ಮೇಲೆ ಹೋಗು, ಮತ್ತೆ ಈ ಮನೆಗೆ ಬರಬೇಡ."

ಕೂತುಕೊಂಡೆ. ಮಾಂಸ ಇತ್ತು, ಆಲೂಗಡ್ಡೆ ಇತ್ತು, ಬ್ರೆಡ್ಡಿನ ಒಂದು ತುಂಡು ಇತ್ತು. ಅವಳು ಸಿಂಕಿಗೆ ಒರಗಿ ಕೈಕಟ್ಟಿ ನಿಂತು ನೋಡುತ್ತಿದ್ದಳು, ಕಣ್ಣು ಮಿಟುಕಿಸಲಿಲ್ಲ. ನಾನು ತಟ್ಟೆ ಬರಿದಾಗುವವರೆಗೆ ಉಂಡೆ.